ಅರಗಿಸಿದ ಮೇಲೂ ಕೆಲಸವಿದೆ

ಮುಂಬಯಿಯಲ್ಲಿ ಉಪವಾಸಕ್ಕೆ ಎಂದೂ ಬರವಿರಲಿಲ್ಲ. ಸಂಕಷ್ಟಿಯ ದಿನ ಪ್ರಭಾದೇವಿಯ ಸಿದ್ಧಿವಿನಾಯಕನ ಮುಂದೆ ಸಾಲು ನಿಲ್ಲುವವರು ಚಂದ್ರನನ್ನು ಕಾಣದೆ ಅನ್ನ ಮುಟ್ಟುವುದಿಲ್ಲ. ಪರ್ಯೂಷಣದ ಹೊತ್ತಿಗೆ ಘಾಟ್‌ಕೋಪರ್, ವಾಲ್ಕೇಶ್ವರದ ಜೈನ ಮನೆಗಳಲ್ಲಿ ಎಂಟು ದಿನ ಬರೀ ಕಾಯಿಸಿದ ನೀರು ಕುಡಿದು ಅಠಾಯಿ ಮುಗಿಸುವವರಿದ್ದಾರೆ. ರಮ್ಜಾನ್ ತಿಂಗಳಲ್ಲಿ ಮೊಹಮ್ಮದ್ ಅಲಿ ರಸ್ತೆಯ ಒಲೆಗಳು ಸಂಜೆಗೇ ಜೀವ ತಳೆಯುವುದು. ಇವೆಲ್ಲ ಪುಣ್ಯದ ಖಾತೆಯ ಉಪವಾಸಗಳು. ಯಾರೂ ಅವುಗಳಿಂದ ಪ್ರಯೋಗಾಲಯದ ಫಲಿತಾಂಶ ಕೇಳಿದ್ದಿಲ್ಲ.

ಈಚಿನ ವರ್ಷಗಳಲ್ಲಿ ಬಂದಿರುವ ಉಪವಾಸದ ಖಾತೆಯೇ ಬೇರೆ. ಅಂಧೇರಿ, ಪೊವಾಯಿಯ ಜಿಮ್ಮುಗಳಿಂದ ಹಿಡಿದು ಡೊಂಬಿವಲಿ ಲೋಕಲ್ಲಿನ ವಾಟ್ಸ್ಆ್ಯಪ್ ಗುಂಪುಗಳವರೆಗೆ ಒಂದೇ ಮಂತ್ರ: ಹದಿನಾರು ಗಂಟೆ ಹೊಟ್ಟೆ ಖಾಲಿ ಬಿಟ್ಟರೆ ‘ಆಟೋಫಜಿ’ ಶುರುವಾಗುತ್ತದೆ, ದೇಹದ ಕೋಶಗಳು ತಮ್ಮ ಕಸವನ್ನು ತಾವೇ ತಿಂದು ಹರೆಯ ಮರಳುತ್ತದೆ. ಜೊತೆಗೆ ಒಂದು ನೊಬೆಲ್ ಪ್ರಶಸ್ತಿಯ ಉಲ್ಲೇಖ, ಕೆಳಗೆ ಶುಲ್ಕದ ವಿವರ.

ಈ ಮಾತಿನಲ್ಲಿ ಅರ್ಧ ನಿಜವಿದೆ. ಹೇಳದೇ ಬಿಟ್ಟ ಉಳಿದರ್ಧದಲ್ಲೇ ವಿಜ್ಞಾನದ ಸೊಗಸೂ ಇದೆ, ಕೆಲವು ಕುಟುಂಬಗಳ ಸಂಕಟವೂ ಇದೆ. ಆ ಅರ್ಧವನ್ನು ತಿಳಿಯಲು ಮುಂಬಯಿಯವರು ದೂರ ಹೋಗಬೇಕಾಗಿಲ್ಲ. ಕೊಲಾಬಾದ ತುದಿಯಲ್ಲಿ ಒಂದಿಷ್ಟು, ಪರೇಲಿನ ಆಸ್ಪತ್ರೆಯಲ್ಲಿ ಒಂದಿಷ್ಟು ಸಿಗುತ್ತದೆ.

ಮೊದಲು ಹಳೆಯ ಕಥೆ. ಬೆಲ್ಜಿಯಂನ ಲೂವೆನ್‌ನಲ್ಲಿ ಕ್ರಿಶ್ಚಿಯನ್ ದ ದೂವ್ ಇಲಿಯ ಯಕೃತ್ತನ್ನು ಅರೆದು ಕಿಣ್ವಗಳನ್ನು ಅಳೆಯುತ್ತಿದ್ದರು. 1949ರಲ್ಲಿ ಒಂದು ಮಾದರಿಯಲ್ಲಿ ಕಿಣ್ವದ ಚಟುವಟಿಕೆ ನಿರೀಕ್ಷೆಗಿಂತ ಬಹಳ ಕಡಿಮೆ ಬಂತು. ಅದನ್ನೇ ಕೆಲವು ದಿನ ಫ್ರಿಜ್ಜಿನಲ್ಲಿಟ್ಟು ಮತ್ತೆ ಅಳೆದರೆ ಏರಿತ್ತು. ಕಿಣ್ವ ಒಂದು ಪೊರೆಯೊಳಗೆ ಬಂದಿಯಾಗಿತ್ತು; ಪೊರೆ ಶಿಥಿಲವಾದಾಗ ಹೊರಬಂದಿತ್ತು. ಆ ಪೊರೆಚೀಲಕ್ಕೆ ಅವರು 1955ರಲ್ಲಿ ಲೈಸೋಸೋಮ್ ಎಂದು ಹೆಸರಿಟ್ಟರು. ಒಳಗೆ ಸುಮಾರು 60 ಬಗೆಯ ಜೀರ್ಣಕಾರಿ ಕಿಣ್ವಗಳು, ಪಿಎಚ್ 4.5ರಿಂದ 5ರ ಆಸುಪಾಸಿನ ಹುಳಿ. ಕೋಶ ತನ್ನದೇ ಹಳೆಯ ಪ್ರೋಟೀನು, ಮುರಿದ ಮೈಟೊಕಾಂಡ್ರಿಯಾಗಳನ್ನು ಒಂದು ಜೋಡಿಪೊರೆಯಲ್ಲಿ ಸುತ್ತಿ ಈ ಹುಳಿಚೀಲಕ್ಕೆ ಒಪ್ಪಿಸುವ ಕ್ರಿಯೆಯನ್ನು ಆಟೋಫಜಿ ಎಂದು ಕರೆದವರೂ ಅವರೇ, 1963ರಲ್ಲಿ.

ಇದನ್ನು ನಡೆಸುವ ಜೀನ್‌ಗಳು ಯಾವುವು ಎಂಬುದು ಇನ್ನೂ ಮೂರು ದಶಕ ಗೊತ್ತಾಗಲಿಲ್ಲ. ಟೋಕಿಯೊದಲ್ಲಿ ಯೊಶಿನೊರಿ ಒಸುಮಿ, 43ನೆಯ ವಯಸ್ಸಿಗೆ, 1988ರಲ್ಲಿ ತಮ್ಮದೇ ಪುಟ್ಟ ಪ್ರಯೋಗಾಲಯ ತೆರೆದು, ಯಾರಿಗೂ ಬೇಡವಾಗಿದ್ದ ವಿಷಯ ಹಿಡಿದರು: ಹಿಟ್ಟು ಉಬ್ಬಿಸುವ ಯೀಸ್ಟಿನ ಒಳಚೀಲ. ಅರಗಿಸುವ ಕಿಣ್ವವಿಲ್ಲದ ಯೀಸ್ಟನ್ನು ಅವರು ಉಪವಾಸ ಕೆಡವಿದಾಗ ಆ ಚೀಲದೊಳಗೆ ಅರಗದ ಗುಳ್ಳೆಗಳು ತುಂಬಿ ಕುಣಿಯತೊಡಗಿದವು; ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಂಡವು. 1993ರ ಹೊತ್ತಿಗೆ ಈ ಕ್ರಿಯೆಗೆ ಬೇಕಾದ 15 ಜೀನ್‌ಗಳನ್ನು ಗುರುತಿಸಿದ್ದರು. 2016ರಲ್ಲಿ ನೊಬೆಲ್ ಒಬ್ಬರಿಗೇ ಬಂತು. ಜಿಮ್ಮಿನ ಜಾಹೀರಾತಿನಲ್ಲಿ ಕಾಣುವುದು ಈ ನೊಬೆಲ್. ಅಂದ ಹಾಗೆ, ಆ ಪ್ರಶಸ್ತಿ ಬಂದದ್ದು ಯೀಸ್ಟಿನ ಕೆಲಸಕ್ಕೆ. ಮನುಷ್ಯರಿಗೆ ಇಷ್ಟೇ ಗಂಟೆ ಎಂಬ ಲೆಕ್ಕ ಅದರಲ್ಲಿ ಇಲ್ಲ. ನೆತ್ತರು ತೆಗೆದು ‘ನಿಮ್ಮ ಆಟೋಫಜಿ ಇಷ್ಟು’ ಎಂದು ಬರೆದುಕೊಡುವ ಒಪ್ಪಿತ ಪರೀಕ್ಷೆ ಇವತ್ತಿಗೂ ಯಾವ ಆಸ್ಪತ್ರೆಯಲ್ಲೂ ಇಲ್ಲ.

ತಿನ್ನುವ ಭಾಗ ಇಷ್ಟು. ತಿಂದ ಮೇಲೆ ಏನು?

ಈ ಪ್ರಶ್ನೆಯನ್ನು ಬಹುಕಾಲ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಪ್ರತಿ ಬಾರಿ ಕಸದ ಪೊಟ್ಟಣ ಲೈಸೋಸೋಮಿನೊಂದಿಗೆ ಬೆರೆತಾಗ ಲೈಸೋಸೋಮ್ ಅದರಲ್ಲೇ ಕರಗಿಹೋಗುತ್ತದೆ. ದೀರ್ಘ ಉಪವಾಸದಲ್ಲಿ ಕೋಶದ ಲೈಸೋಸೋಮ್‌ಗಳೆಲ್ಲ ಹೀಗೆ ಖರ್ಚಾದರೆ ಮುಂದಿನ ಸರದಿಗೆ ಅರಗಿಸುವವರು ಯಾರು? 2010ರಲ್ಲಿ ಲಿ ಯು, ಮೈಕೆಲ್ ಲೆನಾರ್ಡೊ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಇಲಿಯ ಮೂತ್ರಪಿಂಡದ ಕೋಶಗಳಿಗೆ ಆಹಾರ ನಿಲ್ಲಿಸಿದ ನಾಲ್ಕು ಗಂಟೆಯಲ್ಲಿ ಸಣ್ಣ ಲೈಸೋಸೋಮ್‌ಗಳು ಬಹುಪಾಲು ಮಾಯವಾಗಿ, ಉಬ್ಬಿದ ದೊಡ್ಡ ಚೀಲಗಳು ಕೆಲವೇ ಉಳಿದವು. ಇನ್ನೂ ಕೆಲವು ಗಂಟೆ ಕಳೆದಾಗ, ಹೊರಗಿನಿಂದ ಏನೂ ಹಾಕದಿದ್ದರೂ, ಆ ದೊಡ್ಡ ಚೀಲಗಳ ಮೈಯಿಂದ ಕೊಳವೆಗಳು ಚಾಚಿಕೊಂಡವು. ತುದಿಯಿಂದ ಸಣ್ಣ ಗುಳ್ಳೆಗಳು ಕಡಿದು ಬಿದ್ದವು. ಅವುಗಳಲ್ಲಿ ಆರಂಭದಲ್ಲಿ ಹುಳಿಯೂ ಇಲ್ಲ, ಅರಗಿಸುವ ಕಿಣ್ವವೂ ಇಲ್ಲ. ಲೈಸೋಸೋಮಿನ ಪೊರೆ ಮಾತ್ರ. ನಿಧಾನವಾಗಿ ಹುಳಿ, ಕಿಣ್ವ ತುಂಬಿಕೊಂಡು ಅವೇ ಹೊಸ ಲೈಸೋಸೋಮ್‌ಗಳಾದವು.

ಮುಂಬಯಿಯವರಿಗೆ ಡಬ್ಬಾವಾಲಾರ ನೆನಪಾದರೆ ಸಾಕು. ಅವರ ಬಗ್ಗೆ ಬರೆಯುವವರೆಲ್ಲ ಊಟ ತಲುಪಿದ ಹೊತ್ತನ್ನು ಹೊಗಳುತ್ತಾರೆ. ಆದರೆ ಅದೇ ಮಧ್ಯಾಹ್ನ ಖಾಲಿ ಡಬ್ಬಿ ಚರ್ಚ್‌ಗೇಟಿನಿಂದ ಬೋರಿವಲಿಯ ಅದೇ ಮನೆಗೆ ವಾಪಸಾಗದಿದ್ದರೆ ಮರುದಿನ ಊಟ ತುಂಬಲು ಪಾತ್ರೆಯೇ ಇರುವುದಿಲ್ಲ. ಕೋಶ ತನ್ನ ಖಾಲಿ ಡಬ್ಬಿಗಳನ್ನು ವಾಪಸ್ ತರಿಸಿಕೊಳ್ಳುವ ಬಗೆ ಇದು.

ಅದಕ್ಕಿಂತ ಮುಖ್ಯವಾದದ್ದು, ಈ ಮರಳುವಿಕೆಗೆ ಅಪ್ಪಣೆ ಕೊಡುವುದು ಯಾರು ಎಂಬುದು. ಎಂಟಾರ್ ಎಂಬ ಪ್ರೋಟೀನು ಕೋಶದಲ್ಲಿ ಆಹಾರ ಇದೆಯೇ ಎಂದು ನೋಡುತ್ತಿರುತ್ತದೆ. ಇದ್ದರೆ ಬೆಳೆಯಲು ಹೇಳುತ್ತದೆ. ಇಲ್ಲದಿದ್ದರೆ ಸುಮ್ಮನಾಗುತ್ತದೆ, ಆಗ ಆಟೋಫಜಿ ಶುರು. ಒಳಗಿನ ಹಳೆಯ ಪ್ರೋಟೀನು ಅರಗಿ ಅಮೈನೊ ಆಮ್ಲಗಳು ಬಿಡುಗಡೆಯಾದಂತೆ ಎಂಟಾರ್ ಮತ್ತೆ ಎಚ್ಚರವಾಗಿ, ತಿನ್ನುವುದನ್ನು ನಿಲ್ಲಿಸಿ, ಲೈಸೋಸೋಮ್ ಮರಳಿ ಕಟ್ಟಲು ಬಿಡುತ್ತದೆ. ಅದೇ ಪ್ರಯೋಗದಲ್ಲಿ ರಾಪಮೈಸಿನ್ ಹಾಕಿ ಎಂಟಾರನ್ನು ಒತ್ತಿಹಿಡಿದಾಗ ಕೊಳವೆಗಳು ಏಳಲೇ ಇಲ್ಲ, ಚೀಲಗಳು ಉಬ್ಬಿಯೇ ಉಳಿದವು. ಆಯುಷ್ಯ ಹೆಚ್ಚಿಸುವ ಗುಳಿಗೆ ಎಂದು ಇವತ್ತು ಕೆಲವರು ನುಂಗುವ ರಾಪಮೈಸಿನ್ ಇದೇ. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಅದನ್ನು ಬೇರ್ಪಡಿಸಿದವರು ಬನಾರಸ್‌ನಲ್ಲಿ ಓದಿದ ಸುರೇಂದ್ರನಾಥ ಸೆಹಗಲ್. ಆಟೋಫಜಿ ಶುರು ಮಾಡುವ ಔಷಧವೇ ಅದನ್ನು ಮುಗಿಯಲು ಬಿಡುವುದಿಲ್ಲ ಎಂಬುದು ಯಾವ ಪ್ಯಾಕೇಜಿನಲ್ಲೂ ಬರೆದಿರುವುದಿಲ್ಲ.

ಏಕಾದಶಿಗೆ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಸಾಬುದಾಣೆ ವಡೆ, ಶೇಂಗಾ ಚಟ್ನಿ ತಿಂದು ಉಪವಾಸ ಮಾಡುವವರನ್ನು ನೋಡಿ ಹೊಸ ಉಪವಾಸಿಗರು ನಗುತ್ತಾರೆ. ಸಾಬುದಾಣೆಯ ಪಿಷ್ಟ ಇನ್ಸುಲಿನ್ ಏರಿಸುತ್ತದೆ, ಶೇಂಗಾದ ಪ್ರೋಟೀನು ಎಂಟಾರನ್ನು ಎಬ್ಬಿಸುತ್ತದೆ, ನಿಜ. ಆದರೆ ಅವರು ದೇವರ ಲೆಕ್ಕಕ್ಕೆ ತಿನ್ನುತ್ತಿದ್ದಾರೆ. ಕೋಶದ ಲೆಕ್ಕ ಹೇಳಿಕೊಂಡು ಯಾರಿಗೂ ಏನನ್ನೂ ಮಾರುತ್ತಿಲ್ಲ.

ಮರಳಿ ಕಟ್ಟುವ ಕೆಲಸ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಹದಿಹರೆಯದಲ್ಲಿ ಕಾಲು ಸೆಟೆದುಕೊಳ್ಳಲು ಶುರುವಾಗಿ, ನಡೆಯುವುದೇ ಕಷ್ಟವಾಗುವ ಒಂದು ಆನುವಂಶಿಕ ಕಾಯಿಲೆಯ ಗುಂಪಿದೆ. ಅದರ ಎರಡು ಬಗೆಗಳಲ್ಲಿ ಕೆಟ್ಟಿರುವುದು ಸ್ಪಾಟಾಕ್ಸಿನ್, ಸ್ಪಾಸ್ಟಿಝಿನ್ ಎಂಬ ಪ್ರೋಟೀನುಗಳು. ಇವೆರಡೂ ಬೇಕಾಗಿರುವುದು ಉಬ್ಬಿದ ಚೀಲದಿಂದ ಹೊಸ ಲೈಸೋಸೋಮ್ ಕಡಿದು ತೆಗೆಯುವ ಈ ಹಂತಕ್ಕೇ ಎಂದು 2014ರಲ್ಲಿ ಗೊತ್ತಾಯಿತು. ಅಂಥ ಕೋಶಗಳಿಗೆ ತಿನ್ನಲು ಬರುತ್ತದೆ, ಮುಗಿಸಲು ಬರುವುದಿಲ್ಲ.

ಇನ್ನು ಕೊಲಾಬಾ. ನೌಕಾನಗರದ ಆಚೆ ಸಮುದ್ರಕ್ಕೆ ಮೈಯೊಡ್ಡಿ ನಿಂತಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಹೆಚ್ಚಿನವರು ಹೋಮಿ ಭಾಭಾ, ಪರಮಾಣು, ಗಣಿತ ಎಂದು ನೆನೆಯುತ್ತಾರೆ. ಅಲ್ಲಿಯೇ ರೂಪ್ ಮಲಿಕ್ ಅವರ ತಂಡ ಬೆಳಕಿನ ಕಿರಣದಿಂದ ಕೋಶದೊಳಗಿನ ಚೀಲಗಳನ್ನು ಹಿಡಿದು ನಿಲ್ಲಿಸಿ ಅವುಗಳ ಎಳೆತವನ್ನು ಅಳೆಯುತ್ತಿತ್ತು. ಲೇಸರಿನ ಈ ಚಿಮಟಕ್ಕೆ ಕೈಯಿಲ್ಲ, ಮುಟ್ಟುವುದೂ ಇಲ್ಲ. ಬೆಳಕಿನ ಒತ್ತಡವೇ ಕಣವನ್ನು ಹಿಡಿದಿಡುತ್ತದೆ. ರಕ್ಷಣಾ ಕೋಶಗಳಿಗೆ ಪುಟ್ಟ ಲೇಟೆಕ್ಸ್ ಮಣಿಗಳನ್ನು ತಿನ್ನಿಸುವುದು, ಮಣಿ ಹೊತ್ತ ಚೀಲವನ್ನು ಲೇಸರಿನಲ್ಲಿ ಹಿಡಿಯುವುದು, ಅದು ತಪ್ಪಿಸಿಕೊಳ್ಳಲು ಎಷ್ಟು ಬಲ ಹಾಕುತ್ತದೆ ನೋಡುವುದು: ಪ್ರಯೋಗ ಹೇಳುವಷ್ಟು ಸರಳ, ಮಾಡುವುದು ಹಾಗಿಲ್ಲ.

ಕೋಶದೊಳಗೆ ಚೀಲಗಳನ್ನು ಎಳೆಯುವ ಪ್ರೋಟೀನುಗಳಲ್ಲಿ ಎರಡು ಮುಖ್ಯ. ಕೈನೆಸಿನ್ ಹೊರಗಡೆಗೆ ಎಳೆಯುತ್ತದೆ, ಒಂದೊಂದೂ ಐದಾರು ಪಿಕೊನ್ಯೂಟನ್ ಬಲದ್ದು. ಡೈನೀನ್ ಒಳಗಡೆಗೆ, ಲೈಸೋಸೋಮ್‌ಗಳು ಸೇರಿರುವ ಕೋಶಕೇಂದ್ರದತ್ತ ಎಳೆಯುತ್ತದೆ. ಅದರ ಬಲ ಒಂದು ಪಿಕೊನ್ಯೂಟನ್‌ಗಿಂತ ತುಸು ಹೆಚ್ಚು, ಅಷ್ಟೇ. ಇಷ್ಟು ದುರ್ಬಲವಾದದ್ದು ಗೆಲ್ಲುವುದು ಹೇಗೆ? ತಂಡದ ಉತ್ತರ ಎರಡು ಹಂತದಲ್ಲಿ ಬಂತು. 2013ರಲ್ಲಿ, ಡೈನೀನ್‌ಗಳು ಗುಂಪಾದರೆ ಭಾರವನ್ನು ಸಮನಾಗಿ ಹಂಚಿಕೊಳ್ಳುತ್ತವೆ ಎಂದು ತೋರಿಸಿದರು. 2016ರಲ್ಲಿ, ಗುಂಪಾಗುವುದು ಎಲ್ಲಿ ಎಂದು ಕಂಡುಹಿಡಿದರು: ಚೀಲ ಹಳತಾಗುತ್ತಿದ್ದಂತೆ ಅದರ ಪೊರೆಯಲ್ಲಿ ಕೊಲೆಸ್ಟ್ರಾಲ್ ತುಂಬಿದ ತೇಪೆಗಳು ಮೂಡುತ್ತವೆ, ಡೈನೀನ್‌ಗಳು ಅಲ್ಲಿ ಒತ್ತೊತ್ತಾಗಿ ಸೇರಿ ಒಂದೇ ದಿಕ್ಕಿಗೆ, ಲೈಸೋಸೋಮಿನತ್ತ, ವೇಗವಾಗಿ ಎಳೆದೊಯ್ಯುತ್ತವೆ. ಎರಡೂ ಲೇಖನಗಳು ‘ಸೆಲ್’ ಪತ್ರಿಕೆಯಲ್ಲಿ ಬಂದವು. ಕಾಲಾ ಅಜಾರ್ ತರುವ ಲೀಶ್ಮೇನಿಯಾ ಪರೋಪಜೀವಿ ತನ್ನ ಮೈಮೇಲಿನ ಒಂದು ಕೊಬ್ಬು-ಸಕ್ಕರೆಯ ಅಣುವಿನಿಂದ ಈ ತೇಪೆಗಳನ್ನೇ ಕದಡಿ, ಅರಗಿಹೋಗುವುದನ್ನು ತಪ್ಪಿಸಿಕೊಳ್ಳುತ್ತದೆ ಎಂಬುದೂ ಅದೇ ಕೆಲಸದಲ್ಲಿ ಬಯಲಾಯಿತು. ಮಲಿಕ್ ಅವರಿಗೆ 2018ರಲ್ಲಿ ಇನ್ಫೊಸಿಸ್ ಪ್ರಶಸ್ತಿ ಬಂತು. ಮುಂದೆ ಅವರು ಪೊವಾಯಿಯ ಐಐಟಿಗೆ ಹೋದರು. ಉಬ್ಬಿದ ಚೀಲದಿಂದ ಹೊಸ ಲೈಸೋಸೋಮಿನ ಕೊಳವೆಯನ್ನು ಎಳೆದು ಚಾಚಿಸುವುದು ಒಂದು ಬಗೆಯ ಕೈನೆಸಿನ್ ಎಂದು ಚೀನಾದ ಪ್ರಯೋಗಾಲಯದಿಂದ ತಿಳಿದದ್ದೂ ಅದೇ 2016ರಲ್ಲಿ. ಒಳಗೆ ತರಲು ಒಬ್ಬರು, ಮರಳಿ ಕಟ್ಟಲು ಇನ್ನೊಬ್ಬರು.

ಲೈಸೋಸೋಮ್ ಬಗ್ಗೆ ತಿಳಿಯದೆಯೇ ಇಡೀ ಮುಂಬಯಿ ಅದರ ಬೆನ್ನು ಹತ್ತಿದ್ದೂ ಉಂಟು. 2020ರ ಏಪ್ರಿಲ್‌ನಲ್ಲಿ ಹೈಡ್ರಾಕ್ಸಿಕ್ಲೊರೊಕ್ವಿನ್ ಗುಳಿಗೆಗಾಗಿ ಜಗತ್ತೇ ಭಾರತದ ಕಡೆ ನೋಡಿತು. ಅದರ ದೊಡ್ಡ ತಯಾರಕರಲ್ಲಿ ಒಂದಾದ ಇಪ್ಕಾ ಇರುವುದು ಕಾಂದಿವಲಿಯಲ್ಲಿ. ಧಾರಾವಿ, ವರ್ಳಿಯ ಜನರಿಗೆ ಕೋವಿಡ್ ತಡೆಗೆಂದು ಅದನ್ನು ಹಂಚುವ ಯೋಜನೆಯೂ ಹುಟ್ಟಿ, ಆಮೇಲೆ ಬದಿಗೆ ಸರಿಯಿತು. ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ, ಆಸ್ಪತ್ರೆ ಸೇರಿದವರಿಗೆ ಇದರಿಂದ ಪ್ರಯೋಜನವಿಲ್ಲವೆಂದಿತು. ಈ ಗುಳಿಗೆ ಕೋಶದಲ್ಲಿ ಮಾಡುವುದೇನು? ಲೈಸೋಸೋಮಿನ ಹುಳಿಯೊಳಗೆ ಹೋಗಿ ಸಿಕ್ಕಿಕೊಂಡು, ಕಸದ ಪೊಟ್ಟಣಗಳು ಲೈಸೋಸೋಮ್ ಸೇರುವುದನ್ನು ತಡೆಯುತ್ತದೆ. ಅಂದರೆ ಆಟೋಫಜಿಯನ್ನು ಅರ್ಧದಲ್ಲಿ ನಿಲ್ಲಿಸುತ್ತದೆ. ಲೂಪಸ್ ರೋಗಿಗಳಿಗೆ ಇದು ಬೇಕೇಬೇಕಾದ ಔಷಧ; ಆ ತಿಂಗಳುಗಳಲ್ಲಿ ಅಂಗಡಿ ಅಂಗಡಿ ಅಲೆದವರು ಅವರು. ಕ್ಯಾನ್ಸರ್ ಚಿಕಿತ್ಸೆಯಲ್ಲೂ ಇದನ್ನು ಪರೀಕ್ಷಿಸಲಾಗಿದೆ, ಏಕೆಂದರೆ ಬೆಳೆದ ಗೆಡ್ಡೆಗಳು ಹಸಿವಿನಲ್ಲಿ ಬದುಕುಳಿಯಲು ಆಟೋಫಜಿಯನ್ನೇ ನೆಚ್ಚಿಕೊಳ್ಳುತ್ತವೆ. ಆಟೋಫಜಿ ಹೆಚ್ಚಿದಷ್ಟೂ ಒಳ್ಳೆಯದು ಎನ್ನುವವರು ಈ ರೋಗಿಗಳಿಗೆ ಏನು ಹೇಳುತ್ತಾರೆ?

ಪ್ರಯೋಗಾಲಯದ ತಟ್ಟೆಯಿಂದ ನೇರವಾಗಿ ಮನುಷ್ಯನ ತಟ್ಟೆಗೆ ಹಾರಿದರೆ ಏನಾಗುತ್ತದೆ ಎಂಬುದಕ್ಕೆ ಕ್ಷಯಕ್ಕಿಂತ ಒಳ್ಳೆಯ ಪಾಠವಿಲ್ಲ. ಮುಂಬಯಿಗೆ ಅದು ಹೊರಗಿನ ಕಾಯಿಲೆಯಲ್ಲ. ಯಾವ ಔಷಧಕ್ಕೂ ಜಗ್ಗದ ಕ್ಷಯದ ನಾಲ್ಕು ಪ್ರಕರಣಗಳನ್ನು ಹಿಂದುಜಾ ಆಸ್ಪತ್ರೆಯ ಡಾ. ಝರೀರ್ ಉದ್ವಾಡಿಯಾ ಮತ್ತು ಸಹೋದ್ಯೋಗಿಗಳು 2011ರ ಕೊನೆಗೆ ವರದಿ ಮಾಡಿದಾಗ ನಗರ ಬೆಚ್ಚಿತ್ತು. ಕ್ಷಯದ ಬ್ಯಾಕ್ಟೀರಿಯಾ ತನ್ನನ್ನು ನುಂಗಿದ ರಕ್ಷಣಾ ಕೋಶದೊಳಗೆ ಲೈಸೋಸೋಮ್ ಹತ್ತಿರ ಬಾರದಂತೆ ತಡೆದು ಸುಖವಾಗಿರುತ್ತದೆ. 2004ರಲ್ಲಿ ಅಮೆರಿಕದ ವಿಜ್ಞಾನಿಗಳು ಆ ಕೋಶಗಳನ್ನು ಉಪವಾಸ ಕೆಡವಿದಾಗ ಆಟೋಫಜಿ ಎದ್ದು ತಡೆ ಮುರಿಯಿತು, ಬ್ಯಾಕ್ಟೀರಿಯಾ ಕಡಿಮೆಯಾಯಿತು. ಇದನ್ನು ಮಾತ್ರ ಓದಿದವರು ಕ್ಷಯಕ್ಕೆ ಉಪವಾಸ ಮದ್ದು ಎಂದುಬಿಡಬಹುದು. ನಡೆದದ್ದು ಅದರ ತದ್ವಿರುದ್ಧ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಯವರಾದ 10,345 ಮಂದಿಯನ್ನು ಅಧ್ಯಯನಕ್ಕೆ ಸೇರಿಸಿಕೊಂಡು, ಒಂದು ಗುಂಪಿನ ಮನೆಗಳಿಗೆ ಅಕ್ಕಿ, ಬೇಳೆಯ ಪಡಿತರ ಕೊಟ್ಟಿತು. ಪಡಿತರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡಾ 39ರಷ್ಟು ಇಳಿಯಿತು. ‘ಲ್ಯಾನ್ಸೆಟ್’ನಲ್ಲಿ 2023ರಲ್ಲಿ ಬಂದ ಫಲಿತಾಂಶ ಇದು. ಗೋವಂಡಿ, ಮಾನ್‌ಖುರ್ದ್‌ನ ಕಿಷ್ಕಿಂಧೆಯಂಥ ಕೋಣೆಗಳಲ್ಲಿ ಬದುಕುವವರಿಗೆ ಬೇಕಿರುವುದು ಹದಿನಾರು ಗಂಟೆಯ ಹಸಿವಿನ ಉಪದೇಶವಲ್ಲ. ಅದು ಅವರಿಗೆ ಪುಕ್ಕಟೆಯಾಗಿಯೇ ಸಿಗುತ್ತಿದೆ.

ಮರೆವು, ನಡುಕದ ಕಾಯಿಲೆಗಳ ವಿಷಯದಲ್ಲಿ ಭರವಸೆಗೆ ಜಾಗವಿದೆ. ಡಾ. ನಾದಿರ್ ಭರೂಚಾ ಮತ್ತು ಸಂಗಡಿಗರು ಮುಂಬಯಿಯ ಪಾರ್ಸಿ ಕಾಲೊನಿಗಳಲ್ಲಿ ಮನೆಮನೆ ಸುತ್ತಿ 14,010 ಜನರನ್ನು ನೋಡಿ, ಪಾರ್ಕಿನ್ಸನ್ ಇದ್ದ 46 ಮಂದಿಯನ್ನು ಗುರುತಿಸಿ 1988ರಲ್ಲಿ ಪ್ರಕಟಿಸಿದರು. ಲಕ್ಷಕ್ಕೆ 328 ಎಂಬುದು ಹೆಚ್ಚೇ; ಮುದಿ ವಯಸ್ಸಿನವರೇ ಹೆಚ್ಚಿರುವ ಸಮುದಾಯವೆಂಬುದು ಅದಕ್ಕೆ ಒಂದು ಕಾರಣ. ಪಾರ್ಕಿನ್ಸನ್‌ನಲ್ಲಿ ನರಕೋಶದೊಳಗೆ ಗಂಟುಕಟ್ಟುವ ಪ್ರೋಟೀನನ್ನು ಆಟೋಫಜಿಯಿಂದ ಕರಗಿಸಬಹುದೇ ಎಂದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದ ರವಿ ಮಂಜಿತಾಯ ಅವರ ಪ್ರಯೋಗಾಲಯ ಹುಡುಕುತ್ತಿದೆ. ಯೀಸ್ಟಿನಲ್ಲಿ ಅಣುಗಳನ್ನು ಜರಡಿ ಹಿಡಿದು, ‘6-ಬಯೊ’ ಎಂಬುದನ್ನು ಆರಿಸಿ, ಅದು ಇಲಿಗಳಲ್ಲಿ ನರಕೋಶಗಳನ್ನು ಕಾಪಾಡುತ್ತದೆಂದು 2017ರಲ್ಲಿ ತೋರಿಸಿದರು. ಇಲಿಯಿಂದ ಮನುಷ್ಯನಿಗೆ ದಾರಿ ದೂರ. ಈ ತಂಡ ಯಾರಿಗೂ ಏನನ್ನೂ ಮಾರಿಲ್ಲ ಎಂಬುದನ್ನು ಮೆಚ್ಚಬೇಕು.

ಈಗ ಪರೇಲ್. ಲೈಸೋಸೋಮಿನ ಹಲವು ಹತ್ತು ಕಿಣ್ವಗಳಲ್ಲಿ ಒಂದೇ ಒಂದು ಹುಟ್ಟಿನಿಂದ ಇಲ್ಲದಿದ್ದರೂ, ಅದು ಅರಗಿಸಬೇಕಿದ್ದ ವಸ್ತು ಅಲ್ಲೇ ಕೂಡಿಬೀಳುತ್ತದೆ. ಗೋಶೆ, ಪಾಂಪೆ, ಫ್ಯಾಬ್ರಿ, ಹರ್ಲರ್: ಇಂಥ 50ಕ್ಕೂ ಹೆಚ್ಚು ಕಾಯಿಲೆಗಳಿವೆ. ಮಗುವಿನ ಗುಲ್ಮ ಉಬ್ಬಿ ಹೊಟ್ಟೆ ತುಂಬುತ್ತದೆ, ಮೂಳೆ ಟೊಳ್ಳಾಗುತ್ತದೆ, ಕೆಲವದರಲ್ಲಿ ಕಲಿತ ಮಾತು ಮರೆಯುತ್ತದೆ. ಇಂಥ ಕೆಲವು ರೋಗಿಗಳ ಕೋಶಗಳಲ್ಲಿ ಲೈಸೋಸೋಮ್ ಮರಳಿ ಕಟ್ಟುವ ಕ್ರಿಯೆಯೂ ನಿಂತಿರುತ್ತದೆ ಎಂದು 2010ರ ಅದೇ ಲೇಖನ ತೋರಿಸಿತ್ತು. ಈ ಕಾಯಿಲೆಗಳಲ್ಲಿ ಹೆಚ್ಚಿನವುಗಳಲ್ಲಿ, ತಂದೆ ತಾಯಿ ಇಬ್ಬರಲ್ಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವ, ಅತ್ತೆಯ ಮಗನ ಸಂಬಂಧ ಇನ್ನೂ ಬಿಡದ ನಮ್ಮ ಕಡೆಯ ಮನೆಗಳು ಇದನ್ನು ಗಮನಿಸಬೇಕು.

ಪರೇಲಿನ ಕೆಇಎಂ ಆಸ್ಪತ್ರೆ ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಒಂದು. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಒಟ್ಟಾಗಿ ಆ ಕೆಲಸ ಮಾಡುತ್ತವೆ. ಇಲ್ಲದ ಕಿಣ್ವವನ್ನು ಹೊರಗಿನಿಂದ ರಕ್ತನಾಳಕ್ಕೆ ಕೊಡುವ ಚಿಕಿತ್ಸೆ ಗೋಶೆ ರೋಗಕ್ಕೆ 1991ರಿಂದಲೂ ಇದೆ. ಜೀವಮಾನವಿಡೀ ಕೊಡಬೇಕು. 2021ರ ರಾಷ್ಟ್ರೀಯ ನೀತಿಯೇ ಹೇಳುವಂತೆ, 10 ಕಿಲೊ ತೂಕದ ಮಗುವಿಗೆ ವರ್ಷಕ್ಕೆ 10 ಲಕ್ಷದಿಂದ 1 ಕೋಟಿಗೂ ಹೆಚ್ಚು ಖರ್ಚಾಗಬಹುದು, ಮಗು ಬೆಳೆದಂತೆ ಅದೂ ಬೆಳೆಯುತ್ತದೆ. ಸರ್ಕಾರದ ನೆರವು ಒಬ್ಬರಿಗೆ 50 ಲಕ್ಷದವರೆಗೆ. 2022ರಲ್ಲಿ ಏರಿಸಿದ ಮಿತಿ ಅದು. ಅಂದರೆ ತೂಕ ಏರಿ, ಚಿಕಿತ್ಸೆ ಫಲ ಕೊಡತೊಡಗಿದ ಹೊತ್ತಿಗೇ ಹಣ ಮುಗಿಯುವಂತೆ ಲೆಕ್ಕ ಹಾಕಲಾಗಿದೆ. ಕಿಣ್ವ ನಿಂತರೆ ಕಸ ಮತ್ತೆ ಕೂಡತೊಡಗುತ್ತದೆ. ಅಲ್ಲಿಯವರೆಗೆ ಸುರಿದ ದುಡ್ಡೂ ಅದರ ಜೊತೆ ಹೋದಂತೆ.

ಇದನ್ನು ಬದಲಿಸಲು ಸಾಧ್ಯವಿಲ್ಲ ಎನ್ನುವಂತಿಲ್ಲ. ಗೋಶೆ ರೋಗದ ವಯಸ್ಕರಿಗೆ ಕೊಡುವ ಎಲಿಗ್ಲುಸ್ಟಾಟ್ ಕ್ಯಾಪ್ಸೂಲ್‌ಗೆ ವರ್ಷಕ್ಕೆ ಕೋಟಿಗಳ ಲೆಕ್ಕವಿತ್ತು. ಅದನ್ನು ದೇಶದಲ್ಲೇ ತಯಾರಿಸಿ ಮೂರರಿಂದ ಆರು ಲಕ್ಷಕ್ಕೆ ಇಳಿಸಲಾಗಿದೆ ಎಂದು ಆರೋಗ್ಯ ಸಚಿವಾಲಯ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಆದರೆ ಆ ಕ್ಯಾಪ್ಸೂಲ್ ಮಕ್ಕಳ ಕಿಣ್ವಕ್ಕೆ ಬದಲಿಯಲ್ಲ. ಕಿಣ್ವ ತಯಾರಿಸುವುದು ಗುಳಿಗೆ ಒತ್ತಿದಷ್ಟು ಸುಲಭವಲ್ಲ, ಜೀವಂತ ಕೋಶಗಳನ್ನು ಬೆಳೆಸಿ ತೆಗೆಯಬೇಕು. ಆದರೂ ಮಧುಮೇಹದ ಇನ್ಸುಲಿನ್ನನ್ನೂ ಕ್ಯಾನ್ಸರಿನ ಪ್ರತಿಕಾಯಗಳನ್ನೂ ಬೆಂಗಳೂರು, ಹೈದರಾಬಾದ್, ಪುಣೆಯ ಕಂಪನಿಗಳು ತಯಾರಿಸುತ್ತಿವೆ. ಮಾರುಕಟ್ಟೆ ಚಿಕ್ಕದೆಂದು ಕಿಣ್ವವನ್ನು ಯಾರೂ ಮುಟ್ಟದಿದ್ದರೆ ಖರೀದಿಯ ಖಾತರಿ ಕೊಡಬೇಕಾದದ್ದು ಸರ್ಕಾರ. ಅಲ್ಲಿಯವರೆಗೆ 50 ಲಕ್ಷದ ಗೆರೆಯನ್ನು ಜೀವಮಾನಕ್ಕೆ ಒಂದೇ ಮೊತ್ತವಾಗಿ ಇಡದೆ, ಪ್ರತಿ ವರ್ಷದ ಡೋಸಿಗೆ, ಆ ವರ್ಷ ಮಗುವಿನ ತೂಕ ಎಷ್ಟೋ ಅದಕ್ಕೆ ಕಟ್ಟಬೇಕು. ಕೇಂದ್ರದ ಹಣ ಮುಗಿದ ತಿಂಗಳಿನಿಂದ ಮಹಾರಾಷ್ಟ್ರ, ಕರ್ನಾಟಕ ಸರ್ಕಾರಗಳು ತಮ್ಮ ಆರೋಗ್ಯ ವಿಮಾ ಯೋಜನೆಗಳ ಮೂಲಕ ಮುಂದುವರಿಸಬೇಕು.